ಚಿಗರಿಯ ಮೂಲ

ಬಸಲಿಂಗಪ್ಪನ ಜೀಪು ಓಣಿಯೊಳಗೆ ಬಂದು ನಿಂತಾಗ ನಿಜಗುಣಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚುತ್ತಿದ್ದ. ಒಂದನ್ನು ಬಿಚ್ಚಿ ಬಹಳ ಹೊತ್ತಾಗಿತ್ತು. ಇನ್ನೊಂದಕ್ಕೆ ಮತ್ತೆ ಬಗ್ಗಬೇಕಲ್ಲ ಎಂದು ಹಾಗೆಯೇ ಕುಳಿತಿದ್ದ.

ಬೈಲಹೊಂಗಲದಿಂದ ಯರಗಟ್ಟಿ ಮೇಲೆ ರಾಮದುರ್ಗಕ್ಕೆ ಹೋಗಿ ಬರುವ ಬಸ್ಸಿನಲ್ಲಿ ಅವನು ಕಂಡಕ್ಟರ್. ಮೂವತ್ತೊಂದು ವರ್ಷದ ಸರ್ವೀಸು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಂದಿನಿಂದ ಒಳಗೆ ಕಾಲಿಡಲು ಜಾಗ ಸಿಗುವುದಿಲ್ಲ. ಟಿಕೆಟ್ ಮಷೀನನ್ನು ಎದೆಗೆ ಅವುಚಿಕೊಂಡು ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ತೂರಿಕೊಂಡು ಹೋಗುವಷ್ಟರಲ್ಲಿ ಮುಂದಿನ ಊರು ಬಂದಿರುತ್ತದೆ. ಸಂಜೆ ಮನೆಗೆ ಬಂದರೆ ಮಾತಾಡಲು ಬಾಯಿ ಬರುತ್ತಿರಲಿಲ್ಲ. ಮಾತಾಡಿಸುವವರೂ ಹೆಚ್ಚು ಜನ ಇರಲಿಲ್ಲ. ಹೆಂಡತಿ ಮದುವೆಯಾದ ಮೂರನೆಯ ವರ್ಷವೇ ಕಾಮಾಲೆಯಾಗಿ ತೀರಿಕೊಂಡಿದ್ದಳು. ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದ ಅಕ್ಕ ಶಟ್ಟೆವ್ವ ಇಲ್ಲಿಯೇ ಉಳಿದಿದ್ದಳು. ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದಳು. ಇನ್ನು ಮೂರನೆಯದು ನಾಯಿ, ಚಿಗರಿ.

ಬಸಲಿಂಗಪ್ಪ ಚಚಡಿ ಕಡೆಯ ದೊಡ್ಡ ಒಕ್ಕಲುತನದವ. ಬಿಳಿ ಅಂಗಿ, ಕಿವಿಯ ಮೇಲೆ ನರೆತ ಕೂದಲು, ದೊಡ್ಡ ದನಿ. ಅವನ ಊರಿನ ಜನ ಬಸ್ಸಿನಲ್ಲಿ ಅವನ ಹೆಸರು ತೆಗೆಯುವುದನ್ನು ನಿಜಗುಣಪ್ಪ ಕೇಳಿದ್ದ. ಅಂಥವನು ತನ್ನ ಮನೆಯ ಮುಂದೆ ಇಳಿದದ್ದನ್ನು ನೋಡಿ ಒಂದೇ ಬೂಟಿನಲ್ಲಿ ಎದ್ದು ನಿಂತ.

"ಕುಂಡ್ರಿ ಕುಂಡ್ರಿ, ಕಂಡಕ್ಟರ್ರ," ಎಂದ ಬಸಲಿಂಗಪ್ಪ. "ನಿಮ್ಮ ನಾಯಿ ಓಡೂದು ಮೊಬೈಲ್‌ನ್ಯಾಗ ನೋಡೇನಿ. ಅದನ್ನ ಕಣ್ಣಲೆ ನೋಡೂಣು ಅಂತ ಬಂದೇನಿ."

ಬಸ್ಸಿನ ಡ್ರೈವರ್ ಸಿದ್ಧಾರೂಢನ ಹೊಲದಲ್ಲಿ ಗೋವಿನಜೋಳಕ್ಕೆ ಹಂದಿ ಬೀಳುತ್ತಿದ್ದವು. ರಜೆಯ ದಿನ ಚಿಗರಿಯನ್ನು ಕರೆದೊಯ್ದಿದ್ದರು. ಅದು ಹಂದಿಗಳ ಹಿಂಡನ್ನು ಹಳ್ಳ ದಾಟಿಸಿ ಅಟ್ಟಿಕೊಂಡು ಹೋದದ್ದನ್ನು ಸಿದ್ಧಾರೂಢ ಮೊಬೈಲಿನಲ್ಲಿ ಹಿಡಿದು ನಾಲ್ಕಾರು ಜನರಿಗೆ ಕಳಿಸಿದ್ದ. ಅದು ಎಲ್ಲೆಲ್ಲೋ ಸುತ್ತಿ ಬಸಲಿಂಗಪ್ಪನ ಕೈಗೂ ಬಂದಿತ್ತು.

ಅವನು ನಾಯಿಯನ್ನು ಬಹಳ ಹೊತ್ತು ನೋಡಿದ. ಬಾಯಿ ತೆರೆದು ಹಲ್ಲು ನೋಡಿದ, ಎದೆಯ ಆಳ ನೋಡಿದ, ಹಿಂಗಾಲು ತಡವಿದ. ಉದ್ದ ಮೂತಿ, ಬಿಲ್ಲಿನ ಹಾಗೆ ಬಾಗಿದ ಬೆನ್ನು, ಬೂದಿ ಬಣ್ಣ. ಚಿಗರಿ ಸುಮ್ಮನೆ ನಿಂತಿತು. ಮುಧೋಳ ನಾಯಿಯ ಮೈಕಟ್ಟು ಹೌದು, ಆದರೆ ಕಿವಿ ನೋಡಿದರೆ ಪೂರ್ತಿ ಅಲ್ಲ, ಏನೋ ಬೆರೆತಿದೆ, ಆ ಬೆರಕೆಯೇ ಚೆನ್ನಾಗಿ ಕೂಡಿಬಂದಿದೆ ಎಂದು ತನ್ನೊಳಗೇ ಹೇಳಿಕೊಳ್ಳುವವನಂತೆ ಹೇಳಿದ. ಎಲ್ಲಿಂದ ತಂದಿರಿ ಎಂದು ಕೇಳಿದ.

ತಂದದ್ದಲ್ಲ, ಸಿಕ್ಕದ್ದು ಎಂದ ನಿಜಗುಣಪ್ಪ. ನಾಲ್ಕು ವರ್ಷದ ಹಿಂದೆ ಅವನು ಕಿತ್ತೂರಿನ ರೂಟಿನಲ್ಲಿದ್ದ. ಹೈವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ, ಕಬ್ಬಿಣದ ಕಂಬಿಗೆ ಯಾರೋ ಪ್ಲಾಸ್ಟಿಕ್ ಹಗ್ಗದಿಂದ ಈ ನಾಯಿಯನ್ನು ಕಟ್ಟಿ ಹೋಗಿದ್ದರು. ಮೊದಲ ದಿನ ನೋಡಿದ. ಯಾರೋ ಹೋಟೆಲಿನವರದಿರಬೇಕು ಅಂದುಕೊಂಡ. ಎರಡನೆಯ ದಿನವೂ ಅಲ್ಲೇ ಇತ್ತು. ಮೂರನೆಯ ದಿನ ಅದು ನಿಲ್ಲಲಾರದೆ ಮಲಗಿತ್ತು. ಬಸ್ಸು ನಿಲ್ಲಿಸಿ ಹಗ್ಗ ಕೊಯ್ದು ಎತ್ತಿಕೊಂಡು ಬಂದ. ಬಸ್ಸಿನಲ್ಲಿದ್ದವರು ಗೊಣಗಿದರು. ಅವನೂ ಇವತ್ತು ಒಂದು ದಿನ ಇರಲಿ, ನಾಳೆ ಯಾರಿಗಾದರೂ ಕೊಟ್ಟರಾಯಿತು ಅಂದುಕೊಂಡಿದ್ದ. ಶಟ್ಟೆವ್ವ ಅದರ ಬಾಯಿಗೆ ಒಂದೊಂದೇ ಚಮಚ ಹಾಲು ಬಿಟ್ಟಳು. ಆಮೇಲೆ ಕೊಡುವ ಮಾತು ಬರಲಿಲ್ಲ.

ಬಸಲಿಂಗಪ್ಪನ ಬಳಿ ಸರದಾರ ಎಂಬ ಗಂಡು ನಾಯಿ ಇತ್ತು. ಸರ್ಟಿಫಿಕೇಟ್ ಇದ್ದ ಮುಧೋಳದ್ದು. ಅದರ ಜೊತೆ ಇದನ್ನು ಕ್ರಾಸ್ ಮಾಡಿಸೋಣ, ಮರಿಗಳಲ್ಲಿ ಅರ್ಧ ನಿಮಗೆ ಅರ್ಧ ನನಗೆ ಎಂದ. ಆಮೇಲೆ ಚಿಗರಿಯ ಬಲಗಿವಿಯನ್ನು ಮಡಿಸಿ ತೋರಿಸಿದ. ಕಿವಿಯ ಹಿಂದೆ ಬೆರಳುದ್ದದ ಎರಡು ಸುಟ್ಟ ಕಲೆಗಳಿದ್ದವು, ಒಂದರ ಪಕ್ಕ ಒಂದು.

"ಇದು ಯಾರೋ ಕುರಿಗಾರರ ಗುರ್ತ ಇರಬೇಕು ನೋಡ್ರಿ. ದಿನಾ ಬಸ್ಸಿನ್ಯಾಗ ನೂರು ಮಂದಿ ಹತ್ತತಾರು, ಕೇಳ್ರಿ. ಇಂಥಾವರ ಮನೀದು ಅಂತ ಗೊತ್ತಾತಂದ್ರ ಮರಿಗೆ ಒಂದು ಹೆಸರ ಬರ್ತೈತಿ."

ಹೊರಡುವಾಗ ಅವನು ನಿಜಗುಣಪ್ಪನ ಹೆಗಲ ಮೇಲೆ ಕೈ ಹಾಕಿದ. ಓಣಿಯ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಜನ ಅವನನ್ನು ಕೇಳಿದ್ದು ಚಿಲ್ಲರೆ ಮತ್ತು ಸೀಟು ಎರಡೇ. ಇವತ್ತು ಒಬ್ಬ ದೊಡ್ಡ ಮನುಷ್ಯ ಮನೆಯತನಕ ಬಂದು, ಅವನ ಹತ್ತಿರ ಇದ್ದ ಏನನ್ನೋ ಬೇಕು ಎಂದು ಕೇಳಿದ್ದ. ಬೆನ್ನು ನೋವು ಆ ಸಂಜೆ ಸ್ವಲ್ಪ ಕಡಿಮೆ ಅನಿಸಿತು.

ಶಟ್ಟೆವ್ವ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದವಳು ಒಳಗಿನಿಂದಲೇ ಹೇಳಿದಳು. "ಬ್ಯಾಡ ಬಿಡು, ತಮ್ಮಾ."

"ಯಾಕಕ್ಕಾ?"

"ಮರಿಗೋಳ ಹೊಲಸ ಯಾರು ಬಳೀಬೇಕು."

ಅಕ್ಕನಿಗೆ ಐವತ್ತೆಂಟು. ಮುನ್ನೂರು ಮಕ್ಕಳ ಅನ್ನ ಸಾರು ಬೇಯಿಸಿ, ಹಂಡೆ ತಿಕ್ಕಿ ಬರುವವಳು. ಅವಳು ಹೇಳಿದ್ದು ಸುಳ್ಳಲ್ಲ ಎಂದು ನಿಜಗುಣಪ್ಪ ಅಂದುಕೊಂಡ. ಮರಿಗಳ ಕೆಲಸಕ್ಕೆ ರಜೆ ಹಾಕಿದರಾಯಿತು ಎಂದೂ ಅಂದುಕೊಂಡ.

ಅವನ ಮನಸ್ಸಿನಲ್ಲಿ ಇನ್ನೊಂದು ಇತ್ತು. ಅದನ್ನು ಅವನು ಅಕ್ಕನಿಗೂ ಹೇಳಿರಲಿಲ್ಲ. ಹಿಂದಿನ ಸಂಕ್ರಾಂತಿಯ ಹೊತ್ತಿಗೆ, ಬೆಳಗಿನ ಐದಕ್ಕೆ ಡ್ಯೂಟಿಗೆ ಹೊರಟಾಗ, ಹಿತ್ತಲಲ್ಲಿ ಚಿಗರಿ ಒಂದು ಮಗ್ಗುಲಿಗೆ ಬಿದ್ದಿತ್ತು. ಕಾಲುಗಳು ಸೆಟೆದು ಓಡುವ ಹಾಗೆ ಬಡಿಯುತ್ತಿದ್ದವು. ಬಾಯಲ್ಲಿ ನೊರೆ. ಒಂದೆರಡು ನಿಮಿಷ ಇದ್ದಿರಬಹುದು. ಆಮೇಲೆ ಎದ್ದು, ಅವನನ್ನು ಗುರುತು ಸಿಗದವನಂತೆ ನೋಡಿ, ಗೋಡೆಗೆ ಡಿಕ್ಕಿ ಹೊಡೆಯುತ್ತ ಅಡ್ಡಾಡಿತು. ಬಸ್ಸಿಗೆ ಹೊತ್ತಾಗುತ್ತಿತ್ತು. ಏನೋ ತಿನ್ನಬಾರದ್ದು ತಿಂದಿರಬೇಕು ಎಂದುಕೊಂಡು ಹೋದ. ಸಂಜೆ ಬಂದಾಗ ಅದು ಬಾಲ ಅಲ್ಲಾಡಿಸುತ್ತ ಬಾಗಿಲಲ್ಲಿತ್ತು. ಮತ್ತೆ ಅದನ್ನು ಅವನು ಯೋಚಿಸಲಿಲ್ಲ. ಯೋಚಿಸಲು ಶಕ್ತಿಯೂ ಇರಲಿಲ್ಲ.

ಆ ವಾರ ಚಿಗರಿಗೆ ಹುಚ್ಚುನಾಯಿ ರೋಗದ ಇಂಜೆಕ್ಷನ್‌ಗೆಂದು ದನಗಳ ದವಾಖಾನೆಗೆ ಹೋದಾಗ ಡಾಕ್ಟರ್ ಮೀನಾ ಅವರನ್ನು ಕೇಳಿದ. ಮರಿ ಹಾಕಿಸಬಹುದೇ, ಮೂಲ ಗೊತ್ತಿಲ್ಲದ ನಾಯಿ. ಅವರು ಆಗಷ್ಟೇ ಯಾವುದೋ ಹಳ್ಳಿಯಲ್ಲಿ ಎಮ್ಮೆಯ ಹೆರಿಗೆ ಮಾಡಿಸಿ ಬಂದಿದ್ದರು, ತೋಳಿನ ತನಕ ಕೆಸರು. ಕುರ್ಚಿಯಲ್ಲಿ ಕುಳಿತೇ ಹೇಳಿದರು. ಮೈಕಟ್ಟು ಕಣ್ಣಿಗೆ ಕಾಣುತ್ತದೆ, ರಕ್ತದಲ್ಲಿ ಏನು ಬಂದಿದೆ ಎಂಬುದು ಕಾಣುವುದಿಲ್ಲ. ತಾಯಿ ತಂದೆ ಗೊತ್ತಿದ್ದರೆ ಅಂದಾಜು ಮಾಡಬಹುದು. ಗೊತ್ತಿಲ್ಲದಾಗ ಈ ನಾಯಿಯನ್ನೇ ನೋಡಬೇಕು. ಇದಕ್ಕೆ ಯಾವತ್ತಾದರೂ ಏನಾದರೂ ಬೇನೆ ಬಂದಿತ್ತೇ?

"ಏನೂ ಇಲ್ರಿ," ಎಂದ ನಿಜಗುಣಪ್ಪ.

ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ತಾನು ಸುಳ್ಳು ಹೇಳಿದೆನೆಂದು ಅವನಿಗೆ ಹೊಳೆದದ್ದು ಮನೆ ಮುಟ್ಟಿದ ಮೇಲೆ.

ಮರುದಿನದಿಂದ ಬಸ್ಸಿನಲ್ಲಿ ಕುರಿಗಾರರು ಹತ್ತಿದರೆ ಮೊಬೈಲಿನಲ್ಲಿ ನಾಯಿಯ ಕಿವಿ ಮಡಿಸಿ ತೆಗೆದ ಫೋಟೋ ತೋರಿಸಿ ಕೇಳತೊಡಗಿದ. ಹೆಚ್ಚಿನವರು ತಲೆಯಲ್ಲಾಡಿಸಿದರು. ಎಂಟು ಹತ್ತು ದಿನದ ಮೇಲೆ, ಕಂಬಳಿ ಹೊದ್ದ ಒಬ್ಬ ಮುದುಕ ಕಟಕೋಳದಲ್ಲಿ ಹತ್ತಿದ. ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡ. ನಾಯಿಯ ಮುಖ ನೋಡಲಿಲ್ಲ, ಕಿವಿಯ ಹಿಂದಿನ ಕಲೆ ನೋಡಿದ. ಹೀಗೆ ಜೋಡಿ ಗೆರೆ ಎಳೆಯುವವಳು ಮುದಕವ್ವ ಒಬ್ಬಳೇ ಎಂದ. ರಾಮದುರ್ಗಕ್ಕೆ ಎರಡು ಸ್ಟಾಪು ಮೊದಲು ಇಳಿದು ಗುಡ್ಡದ ಕಡೆ ಹೋದರೆ ಅವಳ ಹಟ್ಟಿ ಸಿಗುತ್ತದೆ.

ವಾರದ ರಜೆಯ ದಿನ ನಿಜಗುಣಪ್ಪ ತನ್ನದೇ ಬಸ್ಸಿನಲ್ಲಿ ಪ್ಯಾಸೆಂಜರ್ ಆಗಿ ಹೋದ. ರಜೆ ದಿನ ಮಲಗುವುದು ಬಿಟ್ಟು ಎಲ್ಲಿಗೆ ಎಂದು ಸಿದ್ಧಾರೂಢ ಕೇಳಿದ. ಹೀಗೇ ಒಂದು ಕೆಲಸ ಎಂದ. ಇಳಿದ ಮೇಲೆ ಒಂದು ತಾಸು ನಡಿಗೆ. ಬಿಸಿಲು ಏರಿತ್ತು. ಬಸಲಿಂಗಪ್ಪನಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ನಡೆದ. ಹೆಸರಾದ ಕುರಿಗಾರರ ಮನೆ, ಬೇಟೆಯ ನಾಯಿ, ಅದರ ತಾಯಿ ಹೀಗಿತ್ತಂತೆ, ತಂದೆ ಹಾಗಿತ್ತಂತೆ.

ಮುದಕವ್ವ ಹಟ್ಟಿಯ ಮುಂದೆ ಬೇಲಿಗೆ ಮುಳ್ಳು ಒಟ್ಟುತ್ತಿದ್ದಳು. ಎಪ್ಪತ್ತರ ಮೇಲಿನ ವಯಸ್ಸು, ಒಣಗಿದ ಮೈ. ಕುರಿಗಳು ಮೇಯಲು ಹೋಗಿದ್ದವು. ನಾಯಿ ಒಂದೂ ಕಾಣಲಿಲ್ಲ. ಅವನು ಫೋಟೋ ತೋರಿಸಿದ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದಳು.

"ಇನ್ನೂ ಬದುಕೇತಿ?" ಎಂದಳು.

"ಐತಿ ಯವ್ವಾ. ನಮ್ಮ ಮನ್ಯಾಗ ಐತಿ."

"ತಿರಗಿ ಕೊಡಾಕ ಬಂದೀಯೇನು?"

ಇಲ್ಲ, ಅದರ ಮೂಲ ಕೇಳಲು ಬಂದೆ, ಮರಿ ಹಾಕಿಸಬೇಕೆಂದಿದ್ದೇನೆ ಎಂದ. ಮುದಕವ್ವ ಕೈಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಕೆಳಗಿಟ್ಟು, ನೀರು ತಂದುಕೊಟ್ಟು, ಎದುರಿಗೆ ಕುಳಿತಳು. ತಾಯಿ ತಮ್ಮದೇ ನಾಯಿ, ಮುಧೋಳ ಕಡೆಯಿಂದ ಅವಳ ಗಂಡ ತಂದದ್ದು. ಮೊಲ ಕಂಡರೆ ಗಾಳಿಯ ಹಾಗೆ ಹೋಗುತ್ತಿತ್ತು. ತಂದೆ ಯಾವುದೋ ಗೊತ್ತಿಲ್ಲ. ಆ ವರ್ಷ ದಾರಿಯಲ್ಲಿ ಬೀಡುಬಿಟ್ಟ ಬೇರೆ ಹಿಂಡಿನ ನಾಯಿ ಇರಬೇಕು. ಐದು ಮರಿ. ಐದೂ ಚಂದ.

"ಈ ಗುರ್ತ ನಿಮ್ಮದಾ ಅಲ್ಲೇನ್ರಿ?" ನಿಜಗುಣಪ್ಪ ತನ್ನ ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ.

"ಗುರ್ತ ಅಲ್ಲೋ ತಮ್ಮಾ. ಅದು ಕಾಸಿ ಎಳದ ಬರಿ. ಫಿಟ್ಸಿಗೆ ಹಾಕಿದ್ದು."

ಅವನು ನೀರಿನ ಲೋಟ ಕೆಳಗಿಟ್ಟ.

ತಾಯಿಗೆ ಫಿಟ್ಸ್ ಇರಲಿಲ್ಲ. ಎಂಟು ತಿಂಗಳಾಗುವಾಗ ಮೊದಲ ಮರಿಗೆ ಬಂತು. ಆಮೇಲೆ ಒಂದಾದ ಮೇಲೆ ಒಂದು. ಎಲ್ಲಕ್ಕೂ ಮುದಕವ್ವ ಬರೆ ಹಾಕಿದಳು, ಅವಳಿಗೆ ಗೊತ್ತಿದ್ದ ಔಷಧ ಅದೊಂದೇ. ಒಂದು ಬಾವಿಯ ದಂಡೆಯಲ್ಲಿದ್ದಾಗ ಫಿಟ್ಸ್ ಬಂದು ಒಳಗೆ ಬಿತ್ತು. ಎರಡು ಒಂದೇ ಬೇಸಿಗೆಯಲ್ಲಿ ಫಿಟ್ಸ್ ನಿಲ್ಲದೆ ಸತ್ತವು. ನಾಲ್ಕನೆಯದು ಎಲ್ಲಿಗೋ ಓಡಿಹೋಯಿತು. ಇದೊಂದು ಉಳಿದಿತ್ತು. ಇದಕ್ಕೆ ಕಡಿಮೆ ಬರುತ್ತಿತ್ತು. ಒಬ್ಬ ಲಾರಿಯವ ಬಂದು ಚಂದ ಇದೆ, ಕೊಡು ಎಂದ. ಕೊಟ್ಟಳು.

"ಹಿಂಗ ಫಿಟ್ಸ್ ಬರ್ತಾವಂತ ಹೇಳಿದ್ರೇನು ಅವಂಗ?"

"ಅಂವ ಕೇಳಲಿಲ್ಲ. ನಾ ಹೇಳಲಿಲ್ಲ." ಮುದಕವ್ವ ಗುಡ್ಡದ ಕಡೆ ನೋಡಿದಳು. "ಹೇಳಿದ್ರ ಒಯ್ತಿದ್ದಿಲ್ಲ. ನಾಕು ಹೋದದ್ದು ನೋಡಿದ್ದೆ. ಐದನೇದು ನನ್ನ ಕಣ್ಣ ಮುಂದ ಸಾಯೂದು ಬ್ಯಾಡಾಗಿತ್ತು. ಎಲ್ಯಾರ ಹೋಗಿ ಸಾಯಲಿ ಅಂದೆ. ಹಂಗ ಅನಬಾರದಿತ್ತು."

ನಿಜಗುಣಪ್ಪ ಕಿತ್ತೂರಿನ ಕಬ್ಬಿಣದ ಕಂಬಿಯ ಮಾತು ಹೇಳಲಿಲ್ಲ. ಅವಳು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂದು ಕೇಳಿದಳು. ಅನ್ನ ರೊಟ್ಟಿ ಎಲ್ಲ ತಿನ್ನುತ್ತದೆ, ಅಕ್ಕನ ಕಾಲ ಹತ್ತಿರ ಮಲಗುತ್ತದೆ ಎಂದ. ಅವನು ಎದ್ದಾಗ ಅವಳು ಒಂದು ಹಿಡಿ ಹುರಿದ ಶೇಂಗಾ ಅವನ ಕೈಗೆ ಹಾಕಿದಳು.

ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು ಬಂದ. ಯಾರಿಗೂ ಗೊತ್ತಿಲ್ಲ ಎಂಬ ಮಾತು ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು. ಮುದಕವ್ವ ಹೇಳುವುದಿಲ್ಲ. ನಾಯಿ ಹೇಳುವುದಿಲ್ಲ. ತಾಯಿಗೆ ಫಿಟ್ಸ್ ಇರಲಿಲ್ಲವಂತೆ. ಹಾಗಾದರೆ ಮರಿಗಳಿಗೂ ಬರಲೇಬೇಕೆಂದಿಲ್ಲ. ಬಂದರೂ ಎಂಟು ತಿಂಗಳಾದ ಮೇಲೆ. ಅಷ್ಟರಲ್ಲಿ ಅವು ಯಾರು ಯಾರ ಮನೆಯಲ್ಲೋ ಇರುತ್ತವೆ. ಹೀಗೆ ಯೋಚಿಸುತ್ತ ಯೋಚಿಸುತ್ತ ಅವನಿಗೆ ನಾಯಿಯನ್ನು ಕಂಬಿಗೆ ಕಟ್ಟಿ ಹೋದವನ ಮೇಲೆ ನಾಲ್ಕು ವರ್ಷದಿಂದ ಇದ್ದ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಆ ಲಾರಿಯವನಿಗೂ ಒಂದು ದಿನ ಪಕ್ಕದಲ್ಲೇ ನಾಯಿ ಬಿದ್ದು ಒದ್ದಾಡಿರಬೇಕು. ಅವನಿಗೂ ಎಲ್ಲಿಗೋ ಹೊತ್ತಾಗುತ್ತಿದ್ದಿರಬೇಕು.

ಮನೆಯಲ್ಲಿ ಶಟ್ಟೆವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಚಿಗರಿ ಅವಳ ಪಕ್ಕದಲ್ಲಿತ್ತು. ನಿಜಗುಣಪ್ಪ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದ. ಸಂಕ್ರಾಂತಿಯ ಬೆಳಗಿನದನ್ನೂ ಹೇಳಿದ. ಶಟ್ಟೆವ್ವ ಅಕ್ಕಿಯಿಂದ ಕಣ್ಣು ಎತ್ತಲಿಲ್ಲ.

"ನನಗ ಗೊತ್ತಿತ್ತು," ಎಂದಳು.

"ಏನು ಗೊತ್ತಿತ್ತು?"

"ಐದಾರು ಸಲ ಬಂದೇತಿ. ಮಧ್ಯಾಹ್ನದಾಗ ಬರ್ತೈತಿ, ನಾ ಸಾಲ್ಯಾಗಿಂದ ಬಂದ ಮ್ಯಾಲ. ತೆಳಗ ಗೋಣಿಚೀಲ ಹಾಸಿ ತಲಿ ಹಿಡಕೊಂಡು ಕುಂಡರತೇನಿ. ಹೋಗತೈತಿ."

"ನನಗ ಯಾಕ ಹೇಳಲಿಲ್ಲ?"

"ನೀ ದಿನಾ ಬಸ್ಸಿನ್ಯಾಗ ಹೋಗಾಂವ. ಎಲ್ಲಿ ಬೇಕಾದ್ರೂ ಇಳಿಸಿ ಬರಬಹುದು ಅಂತ ಹೆದರಿಕಿ ಆತು."

"ನಾ ಹಂಗ ಮಾಡಾಂವ ಏನಕ್ಕಾ?"

ಶಟ್ಟೆವ್ವ ಮೊರವನ್ನು ಪಕ್ಕಕ್ಕಿಟ್ಟಳು. "ಗೊತ್ತಿಲ್ಲಪ್ಪಾ. ನೀ ಮನಿಗೆ ಬಂದಾಗ ನಿನ್ನ ಮಾರಿ ನೋಡತೇನಿ. ನಿನಗ ಇನ್ನೊಂದು ಭಾರ ಹೊರಸಬಾರದು ಅನಸ್ತೈತಿ."

ಅವನಿಗೆ ಬೇಸರವಾಯಿತು, ಆದರೆ ಅಕ್ಕನ ಮೇಲೆ ಅಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ ಒಂದೇ ಮಾತನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಓಡಾಡಿದ್ದರು. ಮರುದಿನ ಡ್ಯೂಟಿಯಿಂದ ಬಂದವನೇ ಡಾಕ್ಟರ್ ಮೀನಾ ಅವರ ಹತ್ತಿರ ಹೋಗಿ, ಹಿಂದೆ ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡ. ಅವರು ಬಯ್ಯಲಿಲ್ಲ. ಬೆಳಿಗ್ಗೆ ಒಂದು ಸಂಜೆ ಒಂದು ಗುಳಿಗೆ ಬರೆದುಕೊಟ್ಟರು. ಬದುಕಿರುವ ತನಕ ಕೊಡಬೇಕು. ಮರಿಯ ಯೋಚನೆ ಬಿಡಿ, ಬೆದೆ ಹತ್ತಿರ ಬಂದಿದೆ, ಅದು ಮುಗಿದ ಮೇಲೆ ಕರೆತನ್ನಿ, ಗರ್ಭಚೀಲ ತೆಗೆದುಬಿಡೋಣ ಎಂದರು.

ನಾಲ್ಕು ದಿನಕ್ಕೆ ಚಿಗರಿ ಬೆದೆಗೆ ಬಂತು. ಸುದ್ದಿ ಸಿದ್ಧಾರೂಢನಿಂದ ಬಸಲಿಂಗಪ್ಪನಿಗೆ ಹೋಯಿತು. ಭಾನುವಾರ ಅವನು ಸರದಾರನನ್ನು ಜೀಪಿನಲ್ಲಿ ಹಾಕಿಕೊಂಡೇ ಬಂದ. ನಿಜಗುಣಪ್ಪ ಜೀಪಿನ ಬಾಗಿಲ ಹತ್ತಿರವೇ ನಿಂತು ಮುದಕವ್ವ ಹೇಳಿದ್ದನ್ನೆಲ್ಲ ಹೇಳಿದ. ಅದನ್ನು ಕೇಳಿ ಅವನು ತಾನಾಗಿಯೇ ತಿರುಗಿ ಹೋಗುತ್ತಾನೆ ಎಂದು ತಿಳಿದಿದ್ದ. ಬಸಲಿಂಗಪ್ಪ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತ.

"ಎಲ್ಲಾ ಮರಿಗೂ ಬರಬೇಕಂತಿಲ್ಲ, ಕಂಡಕ್ಟರ್ರ. ನಮ್ಮ ಸರದಾರನ ರಕ್ತ ಗಟ್ಟಿ ಐತಿ, ಅದು ಇದನ್ನ ತೊಳದು ಬಿಡತೈತಿ. ಈ ಮಾತು ನಿಮಗ ನನಗ ಗೊತ್ತಿದ್ರ ಸಾಕು."

"ಬ್ಯಾಡ್ರಿ ಸಾವ್ಕಾರ್ರ."

"ಯಾಕ?"

ನಿಜಗುಣಪ್ಪನಿಗೆ ಬಸ್ಸಿನಲ್ಲಿ ನಿಂತು ಬರುವಾಗ ಇದೇ ಮಾತನ್ನು ತಾನೂ ಆಡಿಕೊಂಡಿದ್ದೆನೆಂದು ನೆನಪಿತ್ತು. "ಯಾರರ ಮನ್ಯಾಗ ಮರಿ ಬಿದ್ದು ಒದ್ದಾಡತೈತ್ರಿ," ಎಂದ. "ಅವರೂ ಒಯ್ದು ಎಲ್ಲೋ ಕಟ್ಟಿ ಬರ್ತಾರು. ಅದನ್ನ ಬಿಚ್ಚಕೊಂಡು ಬಂದಾಂವ ನಾನ ಅದೇನಿ. ನನಗ ಸಾಕಾಗೇತ್ರಿ."

ಮೂಲ ಕೇಳಿಕೊಂಡು ಬನ್ನಿ ಎಂದದ್ದೇ ತನ್ನ ತಪ್ಪಾಯಿತು ಎಂದು ಬಸಲಿಂಗಪ್ಪ ನಕ್ಕ. ಆ ನಗೆಯಲ್ಲಿ ಸಿಟ್ಟಿತ್ತು. ಶಟ್ಟೆವ್ವ ಚಹಾ ತಂದಾಗ ಬೇಡವೆಂದು ಎದ್ದ. ಈ ಸಲ ಹೆಗಲ ಮೇಲೆ ಕೈ ಹಾಕಲಿಲ್ಲ. ಜೀಪು ಹೋದ ಮೇಲೆ ನಿಜಗುಣಪ್ಪನಿಗೆ ತಾನು ಒಳ್ಳೆಯ ಕೆಲಸ ಮಾಡಿದೆ ಎಂದು ಏನೂ ಅನಿಸಲಿಲ್ಲ. ಮಲಗಬೇಕು ಅನಿಸಿತು.

ಹಿಂದೆಯೂ ಬೆದೆಯಲ್ಲಿ ಕೂಡಿಹಾಕುತ್ತಿದ್ದರು, ಆದರೆ ಈ ಸಲದ ಮೂರು ವಾರ ಇಬ್ಬರಿಗೂ ಜೀವ ಹೈರಾಣಾಯಿತು. ಓಣಿಯ ಗಂಡು ನಾಯಿಗಳೆಲ್ಲ ಬಾಗಿಲ ಮುಂದೆ ಠಿಕಾಣಿ ಹೂಡಿದವು. ಬೆಳಿಗ್ಗೆ ಶಟ್ಟೆವ್ವ ಶಾಲೆಗೆ ಹೋದರೆ ಮನೆಗೆ ಬೀಗ. ಹಿತ್ತಲ ಗೋಡೆಯ ಮೇಲೆ ನಿಜಗುಣಪ್ಪ ಹಳೆಯ ತಗಡು ಕಟ್ಟಿದ. ಕೋಲು ಹಿಡಿದು ನಾಯಿಗಳನ್ನು ಅಟ್ಟಿ, ಬಾಗಿಲು ತೊಳೆದು, ಮತ್ತೆ ಅಟ್ಟಿ, ಶಟ್ಟೆವ್ವನ ಭುಜ ಬಾತುಕೊಂಡಿತು. ಹನ್ನೆರಡನೆಯ ದಿನ ಗ್ಯಾಸ್ ಸಿಲಿಂಡರ್ ತಂದವನಿಗೆ ಬಾಗಿಲು ತೆರೆದಾಗ ಚಿಗರಿ ಅವಳ ಕಾಲ ಸಂದಿಯಿಂದ ನುಗ್ಗಿ ಹೋಯಿತು. ಒಂದು ತಾಸಿನ ಮೇಲೆ ತಾನಾಗಿ ಬಂತು. ಶಟ್ಟೆವ್ವ ತಮ್ಮನಿಗೆ ಸಂಜೆ ಬಂದ ಕೂಡಲೇ ಹೇಳಿದಳು, ಮುಚ್ಚಿಡಲಿಲ್ಲ. ಹೇಳುವಾಗ ಅತ್ತಳು. ಏನು ಮಾಡೋದು, ಆಗಿ ಹೋಯಿತು ಎಂದ ಅವನು.

ಡಾಕ್ಟರ್ ಮೀನಾ ಬೆದೆ ಇಳಿದು ಮೂರು ವಾರವಾಗಲಿ ಎಂದಿದ್ದರು. ಆ ದಿನ ಇಬ್ಬರೂ ರಜೆ ಹಾಕಿ ಆಟೋದಲ್ಲಿ ಕರೆದೊಯ್ದರು. ಫಿಟ್ಸ್ ಇರುವ ನಾಯಿ, ಮತ್ತಿನಲ್ಲಿ ಏನಾದರೂ ಆಗಬಹುದು ಎಂದು ಅವರು ಮೊದಲೇ ಹೇಳಿ ಸಹಿ ಹಾಕಿಸಿಕೊಂಡರು. ಹೊರಗಿನ ಬೆಂಚಿನ ಮೇಲೆ ಒಂದೂವರೆ ತಾಸು ಕುಳಿತರು. ಪಕ್ಕದಲ್ಲಿ ಯಾರೋ ಆಡಿನ ಮರಿ ಹಿಡಿದುಕೊಂಡು ಕುಳಿತಿದ್ದರು. ಅದು ಎಡೆಬಿಡದೆ ಕೂಗುತ್ತಿತ್ತು.

ಡಾಕ್ಟರ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ನಾಯಿ ಚೆನ್ನಾಗಿದೆ, ಸಂಜೆಗೆ ಒಯ್ಯಬಹುದು ಎಂದರು. ನಿಜಗುಣಪ್ಪ ಕೈ ಮುಗಿದ. ಅವನಿಗೆ ಇನ್ನೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಕೇಳಿದ್ದು ಶಟ್ಟೆವ್ವ.

"ಹೊಟ್ಟ್ಯಾಗ ಇದ್ದವೇನ್ರಿ?"

"ಇದ್ದವ್ರಿ ಅವ್ವಾರ. ನಾಕು. ಇನ್ನೂ ಮರಿ ಅನ್ನೂ ಹಂಗ ಆಗಿರಲಿಲ್ಲ."

ಶಟ್ಟೆವ್ವ ತಲೆಯಾಡಿಸಿದಳು. ಸೆರಗು ಹೊದ್ದುಕೊಂಡು ಮತ್ತೆ ಬೆಂಚಿನ ಮೇಲೆ ಕುಳಿತಳು. ಸಂಜೆಯ ತನಕ ಅಕ್ಕ ತಮ್ಮ ಅಲ್ಲೇ ಕಾದರು. ನಡುವೆ ಒಮ್ಮೆ ಅವನು ಹೋಗಿ ಎರಡು ಚಹಾ ತಂದ. ಅವಳು ಕುಡಿದಳು. ಮಾಡಿದ್ದು ಸರಿ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಸರಿ ಎಂಬುದನ್ನು ಎಲ್ಲಿಡಬೇಕೆಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಚಿಗರಿಯ ಗಾಯ ಹತ್ತು ದಿನದಲ್ಲಿ ಮಾಯಿತು. ಗುಳಿಗೆಯನ್ನು ಶಟ್ಟೆವ್ವ ರೊಟ್ಟಿಯ ತುಣುಕಿನಲ್ಲಿ ಬೆಲ್ಲದ ಜೊತೆ ಸುತ್ತಿ ಕೊಡುತ್ತಾಳೆ. ಮೊದಲ ಎರಡು ತಿಂಗಳು ಫಿಟ್ಸ್ ಬರಲಿಲ್ಲ. ಮೂರನೆಯ ತಿಂಗಳು ಒಂದು ಸಲ ಬಂತು, ಮೊದಲಿನಷ್ಟು ಜೋರಿರಲಿಲ್ಲ. ಗುಳಿಗೆಯಿಂದ ಅದಕ್ಕೆ ನಿದ್ದೆ ಹೆಚ್ಚಾಗಿದೆ, ಹಸಿವು ಹೆಚ್ಚಾಗಿದೆ. ಮೈ ತುಂಬಿಕೊಂಡು ಓಟ ಕಡಿಮೆಯಾಗಿದೆ. ಸಿದ್ಧಾರೂಢ ಈಗ ಹಂದಿ ಓಡಿಸಲು ಪಟಾಕಿ ಹಚ್ಚುತ್ತಾನೆ.

ಬಸಲಿಂಗಪ್ಪನಿಗೆ ಬೇರೆ ಕಡೆ ಹೆಣ್ಣು ನಾಯಿ ಸಿಕ್ಕಿತಂತೆ. ಓಣಿಯಲ್ಲಿ, ಬಸ್ಸಿನಲ್ಲಿ ಇನ್ನೂ ಕೆಲವರು ನಿಜಗುಣಪ್ಪನನ್ನು ಮರಿ ಕೊಡುತ್ತೀರಾ ಎಂದು ಕೇಳುತ್ತಾರೆ. ಮೊದಮೊದಲು ಅವನು ಆಪರೇಷನ್ ಆಗಿದೆ ಎಂದಷ್ಟೇ ಹೇಳುತ್ತಿದ್ದ. ಕೇಳಿದವರು ಅಯ್ಯೋ, ಎಂಥಾ ನಾಯಿ, ಒಂದು ಸಲವಾದರೂ ಮರಿ ಹಾಕಿಸಬೇಕಿತ್ತು ಎನ್ನುತ್ತಿದ್ದರು. ಈಗ ಅವನು ಅದಕ್ಕೆ ಫಿಟ್ಸ್ ಇದೆ ಎಂದೂ ಹೇಳುತ್ತಾನೆ. ಹೇಳುವಾಗ ದನಿ ತಗ್ಗಿಸುವುದಿಲ್ಲ.

ಮೊನ್ನೆ ಡಿಪೋದಲ್ಲಿ ಕೇಳಿಕೊಂಡು ಬೆಳಗಿನ ಒಂದೇ ಸರತಿಯ ಡ್ಯೂಟಿಗೆ ಬದಲಿಸಿಕೊಂಡಿದ್ದಾನೆ. ಮಧ್ಯಾಹ್ನ ಮೂರಕ್ಕೆ ಮನೆಗೆ ಬರುತ್ತಾನೆ. ಶಟ್ಟೆವ್ವ ಆಗ ಮಲಗಿರುತ್ತಾಳೆ. ಅವಳನ್ನು ಎಬ್ಬಿಸದೆ, ಗೋಣಿಚೀಲವನ್ನು ತನ್ನ ಹತ್ತಿರ ಎಳೆದುಕೊಂಡು, ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾನೆ. ಚಿಗರಿ ಬಂದು ಪಕ್ಕದಲ್ಲಿ ಮಲಗುತ್ತದೆ. ಅವನಿಗೂ ಅಲ್ಲೇ ಕಣ್ಣು ಹತ್ತುತ್ತದೆ.